ಐದು ಕೊಡ, ಒಂದು ಮೊಳೆ

ಪಾತ್ರೆ ಯಾವುದೇ ಇರಲಿ, ಕಂಡ ಕೂಡಲೇ ಬೆರಳ ಗೆಣ್ಣಿನಿಂದ ಒಮ್ಮೆ ಬಡಿದು ನೋಡುವುದು ನನ್ನ ಅಭ್ಯಾಸ. ಹೋಟೆಲಿನ ನೀರಿನ ಡ್ರಮ್ಮು, ಕಾಲೇಜಿನ ಸ್ಟಾಫ್ ರೂಮಿನ ಸ್ಟೀಲ್ ಫಿಲ್ಟರು, ಅಡುಗೆಮನೆಯ ಗ್ಯಾಸ್ ಸಿಲಿಂಡರು, ಯಾವುದನ್ನೂ ಬಿಡುವುದಿಲ್ಲ. ನಾಲ್ಕು ಜನರ ನಡುವೆ ಇದ್ದಾಗ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಿರುತ್ತೇನೆ. ಆದರೂ ಅದು ಯಾವ ಮಾಯದಲ್ಲೋ ಹೊರಗೆ ಬಂದು ತನ್ನ ಕೆಲಸ ಮುಗಿಸಿರುತ್ತದೆ. ಮೊನ್ನೆ ಫಿಲ್ಟರಿಗೆ ಬಡಿದು, ಯಾರೂ ಕೇಳದಿದ್ದರೂ, ಅರ್ಧಕ್ಕಿಂತ ಎರಡು ಬೆರಳು ಕಡಿಮೆ ಎಂದುಬಿಟ್ಟೆ. ಗಣಿತದ ಮೇಷ್ಟ್ರು ಮುಚ್ಚಳ ತೆಗೆದು ಒಳಗೆ ನೋಡಿದರು, ಆಮೇಲೆ ನನ್ನನ್ನು ನೋಡಿದರು.

“ಎಲ್ಲಿ ಕಲಿತ್ರಿ ಮೇಡಂ ಇದನ್ನ?”

ನಕ್ಕು ಸುಮ್ಮನಾದೆ. ಕೇಳಿದ್ದಕ್ಕೆಲ್ಲ ಬಾಯಿಬಿಟ್ಟು ಹೇಳುವ ಸ್ವಭಾವ ನನ್ನದಲ್ಲ. ಬರೆದು ಹೇಳುವುದಾದರೆ ಅಡ್ಡಿಯಿಲ್ಲ. ಓದುವವರು ನಡುನಡುವೆ ಪ್ರಶ್ನೆ ಹಾಕುವುದಿಲ್ಲ.

ಕಲಿಸಿದವಳು ಅಜ್ಜಿ, ಅಪ್ಪನ ತಾಯಿ. ಕೂಡ್ಲಿಗಿಯ ನಮ್ಮ ಮನೆಗೆ ನಲ್ಲಿ ನೀರು ಬರುತ್ತಿದ್ದದ್ದು ನಾಲ್ಕು ದಿನಕ್ಕೊಮ್ಮೆ. ಬಂದ ದಿನ ಹಂಡೆ, ಡ್ರಮ್ಮು, ಕೊಡ, ಬಕೆಟ್ಟು ಎಲ್ಲ ತುಂಬಬೇಕು. ಆಮೇಲಿನ ಮೂರು ದಿನ ಅವು ಖಾಲಿಯಾಗುವುದನ್ನು ಕಾಯಬೇಕು. ಬಚ್ಚಲಮನೆಯ ಕತ್ತಲಲ್ಲಿ ಇಣುಕಿದರೆ ಏನೂ ಕಾಣದು. ಅಜ್ಜಿ ಇಣುಕುತ್ತಲೂ ಇರಲಿಲ್ಲ. ಹಂಡೆಯ ಕೊರಳಿನಿಂದ ಕೆಳಕ್ಕೆ ಗೆಣ್ಣಿನಿಂದ ಬಡಿಯುತ್ತ ಬರುವಳು. ಟಣ್, ಟಣ್, ಟಣ್, ದಪ್. ದಪ್ ಅಂದಲ್ಲಿ ನೀರು. “ನೋಡ್ಲೇ, ಹಂಡೇವು ತಾವ ಹೇಳ್ತಾವು. ಕೇಳಾಕ ಕಿವಿ ಇರ್ಬೇಕಷ್ಟ” ಎನ್ನುವಳು. ಆರು ವರ್ಷದವಳಾಗಿದ್ದಾಗಲೇ ನಾನು ಈ ವಿದ್ಯೆಯಲ್ಲಿ ಪಾಸಾದೆ. ಮುಂದೆ ಬರೆದ ಎಷ್ಟೋ ಪರೀಕ್ಷೆಗಳಿಗಿಂತ ಇದೇ ಹೆಚ್ಚು ಉಪಯೋಗಕ್ಕೆ ಬಂದಿದೆ.

ಅದೇ ಬಚ್ಚಲಲ್ಲಿ ನನ್ನದೇ ಒಂದು ಆಟವೂ ಇತ್ತು. ಚೊಂಬನ್ನು ಬೋರಲು ಹಿಡಿದು ಹಂಡೆಯ ನೀರಿನೊಳಗೆ ಒತ್ತುವುದು. ಒಳಗೆ ಸಿಕ್ಕಿಕೊಂಡ ಗಾಳಿ ಕೈಯನ್ನು ಮೇಲಕ್ಕೆ ತಳ್ಳುತ್ತದೆ. ಆಳಕ್ಕೆ ಹೋದಷ್ಟೂ ಅದರ ಹಟ ಹೆಚ್ಚು. ಸ್ವಲ್ಪ ಓರೆ ಮಾಡಿದರೆ ಬುಳಕ್ ಎಂದು ಸೋಲುತ್ತದೆ. ಎಷ್ಟು ಹೊತ್ತು ಆಡುತ್ತಿದ್ದೆನೆಂದರೆ ಹೊರಗಿನಿಂದ ಅವ್ವ, “ಏ, ಜಳಕ ಮಾಡಾಕತ್ತೀಯೋ, ಮೀನು ಹಿಡಿಯಾಕತ್ತೀಯೋ?” ಎಂದು ಕೂಗಬೇಕಾಗುತ್ತಿತ್ತು. ಚೊಂಬಿನೊಳಗಿನ ಆ ಗಾಳಿಯ ಹಟವೇ ಮುಂದೊಂದು ದಿನ ನಮ್ಮ ಮನೆಯ ನೆಮ್ಮದಿಗೆ ಅಡ್ಡ ಬಂದಂತೆ ಕಾಣುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಅಜ್ಜಿಯ ತವರು ಗುಡೇಕೋಟೆ. ಹುಡುಗಿಯಾಗಿದ್ದಾಗ ಕುರಿಗಳನ್ನು ಹೊಡೆದುಕೊಂಡು ಗುಡ್ಡ ಸುತ್ತಿದವಳು, ಕುರಿಗೂ ಮನೆಗೂ ಬಾವಿಯಿಂದ ಸೇದಿದವಳು. ಅವಳ ರಾಜ್ಯದಲ್ಲಿ ನೀರಿಗೆ ಒಂದೇ ಜನ್ಮ ಎನ್ನುವುದಿರಲಿಲ್ಲ. ಅಕ್ಕಿ ತೊಳೆದದ್ದು ಎಮ್ಮೆಗೆ, ಮುಖ ತೊಳೆದದ್ದು ಕರಿಬೇವಿಗೆ, ಬಟ್ಟೆ ಜಾಲಾಡಿಸಿದ್ದು ಬಚ್ಚಲ ಕಲ್ಲಿಗೆ, ಅಲ್ಲಿಂದ ಮುಂದೆ ಹಿತ್ತಲ ನುಗ್ಗೆಗೆ. ಒಮ್ಮೆ ಬಳಸಿ ಚೆಲ್ಲುವುದೆಂದರೆ ಉಂಡ ಮನೆಯ ಕದಕ್ಕೆ ಒದ್ದು ಬಂದಷ್ಟು ತಪ್ಪು.

ಇಂಥ ಮನೆಗೆ ಬಟ್ಟೆ ಒಗೆಯುವ ಯಂತ್ರ ಬಂತು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಅವ್ವ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಒಗೆಯುವ ಕಲ್ಲಿನ ಬಳಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದಳು. ಪಟ್ಟಿ ಬಿಚ್ಚಿದ ಮೇಲೆ ಕೈ ಬರೆಯಲು ಬಂತು, ರೊಟ್ಟಿ ಬಡಿಯಲು ಬಂತು, ಬಟ್ಟೆ ಹಿಂಡಲು ಮಾತ್ರ ಬರಲಿಲ್ಲ. ಹಿಂಡಲು ಹೋದರೆ ಕಣ್ಣಲ್ಲಿ ನೀರು. ನಾನು ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಬಂದು ಮನೆಯಲ್ಲಿದ್ದೆನಾದ್ದರಿಂದ ಆ ಕೆಲಸ ನನ್ನದಾಗಿತ್ತು. ಆದರೆ ಜುಲೈನಲ್ಲಿ ಹರಪನಹಳ್ಳಿಯ ಕಾಲೇಜಿಗೆ ನಾನು ಪಾಠ ಹೇಳಲು ಸೇರಬೇಕಿತ್ತು. ಆಮೇಲೆ ಹಿಂಡುವವರಾರು? ಅಪ್ಪನ ನೌಕರಿ ಹಡಗಲಿಯಲ್ಲಿ, ಬರುತ್ತಿದ್ದದ್ದು ಶನಿವಾರ. ಬರುವಾಗ ವಾರದ ಬಟ್ಟೆಯ ಗಂಟನ್ನೂ ತರುತ್ತಿದ್ದರು. ಒಂದು ಶನಿವಾರ ಗಂಟಿನ ಜೊತೆಗೆ ಹೊಸಪೇಟೆಯಿಂದ ಯಂತ್ರವನ್ನೂ ತರಿಸಿದರು.

ಬಂದ ಮೆಕ್ಯಾನಿಕ್ ಅದನ್ನು ಬಚ್ಚಲ ಗೋಡೆಗೆ ಸ್ವಲ್ಪ ಸಂದು ಬಿಟ್ಟು ನಿಲ್ಲಿಸಿ, ಹಿಂದೆ ಎದೆಮಟ್ಟದಲ್ಲಿ ಒಂದು ಮೊಳೆ ಹೊಡೆದು, ಕೊಳೆನೀರು ಹೊರಹೋಗುವ ಪೈಪನ್ನು ಅದಕ್ಕೆ ತೂಗುಹಾಕಿದ. ನಮ್ಮ ನಲ್ಲಿಯ ನೀರಿಗೆ ಯಂತ್ರದವರೆಗೆ ಏರುವ ಶಕ್ತಿ ಇಲ್ಲವೆಂದು ನೋಡಿ, “ಮ್ಯಾಲಿಂದ ಕೊಡದ್ಲೆ ಹಾಕ್ರಿ ಅಕ್ಕಾರ, ಸಾಕಾದ್ರ ಅದ ಹೇಳತೈತಿ” ಎಂದ. ಹಾಗೆಯೇ ಹೇಳುತ್ತಿತ್ತು. ಸ್ವಿಚ್ಚು ಹಾಕಿದರೆ ನೀರಿನ ಗುರುತಿನ ಕೆಂಪು ದೀಪ ಮಿಟುಕುವುದು. ಐದನೇ ಕೊಡಕ್ಕೆ ದೀಪ ಆರಿ ತಿರುಗಲು ಶುರುವಾಗುವುದು. ಅವ್ವ ಮುಚ್ಚಳ ಮುಚ್ಚಿ, ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಮಕ್ಕಳ ಕಾಪಿಪುಸ್ತಕ ತಿದ್ದುವಳು.

ಅಜ್ಜಿಯೂ ಮೊದಲ ದಿನವೇ ಅದರ ಪರೀಕ್ಷೆ ಮಾಡಿದಳು. ಗೆಣ್ಣಿನಿಂದ ಅದರ ತಗಡಿಗೆ ಬಡಿದಳು. ಮೇಲೆ ಬಡಿದರೂ ಟಣ್, ಕೆಳಗೆ ಬಡಿದರೂ ಟಣ್. ನೀರಿರುವ ತೊಟ್ಟಿ ಒಳಗೆಲ್ಲೋ ಇರುವಾಗ ಹೊರಗಿನ ತಗಡು ಏನು ಹೇಳೀತು?

“ಇದು ಬಾಯಿ ಬಿಡಂಗಿಲ್ಲ. ಹೊಟ್ಟ್ಯಾಗ ಏನೈತಿ ಅಂತ ಹೇಳಲಾರದ್ದನ್ನ ನಂಬಬಾರ್ದು” ಎಂದು ತೀರ್ಪು ಕೊಟ್ಟಳು. ತನ್ನ ಸೀರೆಗಳನ್ನು ಅದಕ್ಕೆ ಕೊಡುವುದಿಲ್ಲವೆಂದೂ ಹೇಳಿದಳು.

ಎರಡು ತಿಂಗಳು ಎಲ್ಲ ಸರಿಯಿತ್ತು. ಜೂನ್‌ನಲ್ಲಿ ಯಂತ್ರಕ್ಕೆ ಬಾಯಾರಿಕೆಯ ರೋಗ ಬಂತು. ಐದನೇ ಕೊಡಕ್ಕೆ ದೀಪ ಆರುತ್ತದೆ, ಎರಡು ನಿಮಿಷ ತಿರುಗುತ್ತದೆ, ನಿಲ್ಲುತ್ತದೆ, ಮತ್ತೆ ದೀಪ ಮಿಟುಕುತ್ತದೆ. ಇನ್ನೊಂದು ಕೊಡ ಹಾಕಿದರೆ ಇನ್ನೆರಡು ನಿಮಿಷ. ಎಂಟು ಕೊಡ, ಒಂಬತ್ತು ಕೊಡ. ಡ್ರಮ್ಮಿನ ತಳ ಕಾಣುತ್ತಿತ್ತು. ನಲ್ಲಿ ಬರಲು ಇನ್ನೂ ಎರಡು ದಿನವಿರುತ್ತಿತ್ತು. ಅವ್ವ ಎಡಗೈಯಲ್ಲಿ ಕೊಡ ಎತ್ತಿ, ಮುರಿದ ಕೈಯನ್ನು ಅದಕ್ಕೆ ಆನಿಸಿ, ಮತ್ತೆ ಮತ್ತೆ ಸುರಿಯುವಳು. ನಾನು ಕಸಿದುಕೊಳ್ಳಲು ಹೋದರೆ, “ನೀ ಹೋದ ಮ್ಯಾಲೆ ನಾನ ಹಾಕ್ಬೇಕಲ್ಲ, ರೂಢಿ ಆಗ್ಲಿ ಬಿಡು” ಎನ್ನುವಳು.

“ಕುಡಿದಷ್ಟೂ ಬಾಯಿ ತೆಗೀತೈತಿ” ಎಂದಳು ಅಜ್ಜಿ. “ಸಣ್ಣಾವಗೆ ಫೋನ್ ಹಚ್ಚೀನಿ. ಐತ್ವಾರ ಗಾಡಿ ತರ್ತಾನ. ಒಯ್ದು ಅಂಗಡ್ಯಾಗ ತಿರುಗಿ ಕೊಟ್ಟು ಬರ್ಲಿ.”

ಸಣ್ಣಾವ ಎಂದರೆ ಕೊಟ್ಟೂರಿನಲ್ಲಿರುವ ನನ್ನ ಚಿಕ್ಕಪ್ಪ. ಲಗೇಜ್ ಗಾಡಿ ಇಟ್ಟುಕೊಂಡಿದ್ದವರು, ತಾಯಿಯ ಮಾತು ಮೀರದವರು. ಅವತ್ತು ಗುರುವಾರ, ಭಾನುವಾರಕ್ಕೆ ಮೂರೇ ದಿನ. ಅವ್ವ ಕಾಪಿಪುಸ್ತಕಗಳನ್ನು ಎತ್ತಿಕೊಂಡು ಒಳಗೆ ಹೋದಳು. ನನಗೆ ಸಿಟ್ಟು ಬಂದಾಗ ಮಾತು ಬರುವುದಿಲ್ಲ, ಕೆಲಸ ಮಾಡಬೇಕೆನಿಸುತ್ತದೆ. ನೇರ ಎಸ್‌ಟಿಡಿ ಬೂತಿಗೆ ಹೋಗಿ ಹೊಸಪೇಟೆಯ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ.

“ನೀರಿನ ಮಟ್ಟ ನೋಡೋ ಸೆನ್ಸರ್ ಹೋಗಿರ್ಬೇಕ್ರಿ” ಎಂದ ಆತ. “ನಿಮ್ ಕಡಿ ಇನ್ನೆರಡು ಮಷಿನ್ ಕೆಟ್ರ ಕೂಡೇ ಬರ್ತೀನಿ.”

ಕೂಡ್ಲಿಗಿಯಲ್ಲಿ ಇನ್ನೆರಡು ಯಂತ್ರ ಇವೆಯೋ ಇಲ್ಲವೋ ಗೊತ್ತಿಲ್ಲ. ಅವು ಐತವಾರದೊಳಗೆ ಕೆಡಲಿ ಎಂದು ಹಾರೈಸುವುದು ಸರಿಯಲ್ಲ. ಪರೀಕ್ಷಿಸುವ ಬಗೆಯನ್ನಾದರೂ ಹೇಳಿ ಎಂದೆ. ಹೇಳಿದ. ತೊಟ್ಟಿಯ ತಳದಿಂದ ಒಂದು ಸಣ್ಣ ಕೊಳವೆ ಮೇಲಕ್ಕೆ ಬಂದು ಸೆನ್ಸರಿಗೆ ಸೇರುತ್ತದೆ. ನೀರು ಏರಿದಂತೆ ಕೊಳವೆಯೊಳಗಿನ ಗಾಳಿ ಒತ್ತುತ್ತದೆ. ಸಾಕಷ್ಟು ಒತ್ತಿದಾಗ ಸೆನ್ಸರ್ ಟಕ್ ಎಂದು ದೀಪ ಆರಿಸುತ್ತದೆ. ಕೊಳವೆ ಕಿತ್ತು ಮೆಲ್ಲಗೆ ಊದಿ ನೋಡಬೇಕು. ಟಕ್ ಅನ್ನದಿದ್ದರೆ ಕೆಟ್ಟಿದೆ.

ಬೂತಿನಿಂದ ಹೊರಬರುವಾಗ ನಗು ಬಂತು. ಬೋರಲು ಚೊಂಬು! ಹಂಡೆಯಲ್ಲಿ ನನ್ನ ಕೈ ತಳ್ಳುತ್ತಿದ್ದ ಅದೇ ಗಾಳಿ.

ನಿಮಗೊಂದು ಮಾತು ಹೇಳಬೇಕು. ಎಂ.ಎಸ್ಸಿ. ಆದವರ ಮೇಲೆ ನಮ್ಮ ಕಡೆಯ ಜನಕ್ಕೆ ಅಪಾರ ನಂಬಿಕೆ. ನಾನು ಧಾರವಾಡದಿಂದ ಬಂದ ವಾರದಲ್ಲೇ ಪಕ್ಕದ ಮನೆಯವರು ಮೂಕವಾದ ರೇಡಿಯೋ ತಂದಿಟ್ಟರು. ಹಗರಿಬೊಮ್ಮನಹಳ್ಳಿಯಿಂದ ಬಂದ ಸೋದರತ್ತೆ ಮಿಕ್ಸರಿನ ಜಾರು ತಂದಿದ್ದರು. ನಾನು ಓದಿದ್ದು ಕಣ್ಣಿಗೆ ಕಾಣದ ಕಣಗಳ ಬಗ್ಗೆ ಎಂದು ಹೇಳಿದರೆ, “ಕಾಣದಿದ್ದನ್ನ ಓದ್ಯಾಳಂದ್ರ ಕಾಣೋದು ಯಾ ಲೆಕ್ಕ” ಎನ್ನುವರು. ಹಾಗಾಗಿ ಶುಕ್ರವಾರ ನಾನು ಯಂತ್ರದ ಮುಂದೆ ನಿಂತಾಗ ಅವ್ವನ ಕಣ್ಣಲ್ಲಿ ಅನುಮಾನವೇ ಇರಲಿಲ್ಲ. ಅನುಮಾನ ಪೂರ್ತಿ ನನ್ನಲ್ಲೇ ಇತ್ತು.

ಪ್ಲಗ್ ಕಿತ್ತೆ. ಹೊಲಿಗೆ ಯಂತ್ರದ ಸಣ್ಣ ಸ್ಕ್ರೂಡ್ರೈವರಿನಿಂದ ಮೇಲಿನ ಹಲಗೆಯ ತಿರುಪುಗಳನ್ನು ಬಿಚ್ಚಬೇಕು. ಗೋಡೆಗೂ ಯಂತ್ರಕ್ಕೂ ನಡುವೆ ನನ್ನನ್ನು ತೂರಿಸಿಕೊಳ್ಳುವಾಗ ಕಾಲಿಗೆ ದಪ್ಪ ಪೈಪೊಂದು ಅಡ್ಡ ಬಂತು. ಅತ್ತ ಸರಿಸಿದೆ. ಮತ್ತೆ ಬಂತು. ಮತ್ತೆ ಸರಿಸಿದೆ. ಈ ಪೈಪಿನ ಮಾತನ್ನು ನೆನಪಿಟ್ಟುಕೊಳ್ಳಿ. ನಾನಂತೂ ಇಟ್ಟುಕೊಳ್ಳಲಿಲ್ಲ.

ಹಲಗೆ ಬಂತು. ಒಳಗಿದ್ದ ಹಲ್ಲಿ ತನ್ನ ಸಂಸಾರ ಬಿಟ್ಟು ಓಡಿತು. ಸಣ್ಣ ಕೊಳವೆ ಸಿಕ್ಕಿತು. ಅದನ್ನು ಕಿತ್ತು, ಸೆನ್ಸರಿನ ತೂತಿಗೆ ಬಾಯಿಟ್ಟು ಊದಿದೆ.

ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. “ಏನ್ಲೇ, ಶಂಖ ಊದ್ತೀಯೇನು?”

“ಸುಮ್ಕಿರ್ರಿ ಅತ್ತಿ, ಆಕಿ ಏನೋ ಕೇಳಾಕತ್ಯಾಳ” ಎಂದಳು ಅವ್ವ.

ಟಕ್.

ಬಿಟ್ಟೆ. ಟಕ್. ಮತ್ತೆ ಊದಿದೆ. ಟಕ್. ಕೊಳವೆಯಲ್ಲಿ ಕಸವಿಲ್ಲ, ಬಿರುಕಿಲ್ಲ. ಸೆನ್ಸರ್ ಗುಂಡುಕಲ್ಲಿನಂತೆ ಗಟ್ಟಿಯಾಗಿತ್ತು.

ಸಂತೋಷಪಡಬೇಕಾದ ಜಾಗದಲ್ಲಿ ಹಲಗೆ ಮುಚ್ಚಿ ಅಲ್ಲೇ ಕುಸಿದು ಕೂತೆ. ಕೆಟ್ಟಿದ್ದರೆ ಹೊಸದು ಹಾಕಿಸಬಹುದಿತ್ತು. ಕೆಡದಿರುವುದನ್ನು ರಿಪೇರಿ ಮಾಡುವುದು ಹೇಗೆ? ಸಂಜೆಯವರೆಗೂ ಯೋಚಿಸಿದೆ. ಆಮೇಲೆ, ಮೊದಲೇ ಹೊಳೆಯಬೇಕಿದ್ದ ಒಂದು ಮಾತು ಹೊಳೆಯಿತು. ನೀರು ಸಾಲದು ಎಂದು ಯಂತ್ರ ಹೇಳುತ್ತಿದೆ. ಅದು ಸುಳ್ಳು ಹೇಳುತ್ತಿದೆ ಎಂದು ಮನೆಯವರೆಲ್ಲ ಒಪ್ಪಿಬಿಟ್ಟಿದ್ದೇವೆ. ನಿಜ ಹೇಳುತ್ತಿದ್ದರೆ? ಸೋಪಿನ ನೊರೆಯಿಂದಾಗಿ ಒಳಗಿನ ನೀರು ಎಷ್ಟಿದೆ ಎಂದು ನಮಗೆ ಕಂಡೇ ಇರಲಿಲ್ಲ.

ಶನಿವಾರ ಬೆಳಿಗ್ಗೆ ನಲ್ಲಿ ಬಂತು. ಎಲ್ಲ ತುಂಬಿದ ಮೇಲೆ ಅವ್ವನಿಗೆ ಹೇಳಿದೆ: “ಐದು ಕೊಡ ನೀರು ಬೇಕು. ಸೋಪು ಬ್ಯಾಡ, ಬಟ್ಟಿ ಬ್ಯಾಡ.”

“ಬರೇ ನೀರು ತಿರುವ್ತಾಳಂತ!” ಅಜ್ಜಿ ಹಣೆ ಬಡಿದುಕೊಂಡಳು. “ಇಷ್ಟು ಓದಿಸಿದ್ದು ಇದಕ್ಕೇನು?”

ಅವ್ವ ಐದು ಕೊಡ ಸುರಿದಳು. ಸ್ವಿಚ್ಚು ಹಾಕದೆಯೇ, ನೀರಿನ ಅಂಚಿಗೆ ಸರಿಯಾಗಿ ತೊಟ್ಟಿಯ ಒಳಗೋಡೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದೆ. ಅವ್ವ ಶಾಲೆಗೆ ಹೋದಳು. ನಾನು ಕುರ್ಚಿ ಹಾಕಿಕೊಂಡು ಕಾದೆ. ಹತ್ತು ನಿಮಿಷಕ್ಕೆ ನೀರು ಗೆರೆಗಿಂತ ನಾಲ್ಕು ಬೆರಳು ಕೆಳಗಿತ್ತು.

ನೆಲ ನೋಡಿದೆ. ಒಣಗಿತ್ತು. ಯಂತ್ರದ ಕೆಳಗೆ ಕೈಯಾಡಿಸಿದೆ. ಒಣಗಿತ್ತು. ಆಗ ಕಿವಿಗೆ ಬಿತ್ತು. ಗೋಡೆಯಾಚೆ, ಹಿತ್ತಲಲ್ಲಿ, ತಟತಟ ತಟತಟ.

ಮೊದಲು ನೋಡಿದ್ದು ಮೊಳೆಯನ್ನು. ಎದೆಮಟ್ಟದ ಮೊಳೆ ಖಾಲಿಯಿತ್ತು. ನಾನು ಎರಡು ಸಲ ಕಾಲಿನಿಂದ ಸರಿಸಿದ್ದ ಆ ಪೈಪು ನೆಲದ ಮೇಲೆ ಹರಿದು ಹೋಗಿ ಮೋರಿಯ ಕಿಂಡಿಯಲ್ಲಿ ತೂರಿತ್ತು. ಮೊಳೆಯ ಮೇಲಿದ್ದಾಗ ಪಂಪು ಒತ್ತಿದರೆ ಮಾತ್ರ ನೀರು ಅಷ್ಟೆತ್ತರ ಏರಿ ಹೊರಬೀಳಬೇಕು. ನೆಲದ ಮೇಲಿದ್ದರೆ ಪಂಪೇಕೆ ಬೇಕು? ನೀರು ಇಳಿಜಾರಿಗೆ ಹರಿಯುತ್ತದೆ. ಇದನ್ನು ತಿಳಿಯಲು ಯಾರೂ ಧಾರವಾಡಕ್ಕೆ ಹೋಗಬೇಕಿಲ್ಲ.

ಹಿತ್ತಲಿಗೆ ಹೋದೆ. ಮೋರಿಯ ಹೊರಬಾಯಿಯ ಕೆಳಗೆ, ಎಮ್ಮೆ ಇದ್ದ ಕಾಲದ ಕಲ್ಲಿನ ಬಾನಿ. ಅದರೊಳಗೆ ಪೈಪಿನ ತುದಿ. ತುದಿಗೆ, ನಮ್ಮ ಕಡೆ ನಲ್ಲಿಯ ಬಾಯಿಗೆ ಕಸ ಬಾರದಂತೆ ಕಟ್ಟುತ್ತಾರಲ್ಲ, ಹಾಗೆ ಅಚ್ಚುಕಟ್ಟಾಗಿ ಕಟ್ಟಿದ ಹಳೆಯ ಅರಿವೆ. ಅರಿವೆಯಿಂದ ಜಿನುಗುವ ನೀರು ಬಾನಿಗೆ ಬೀಳುತ್ತಿತ್ತು. ಬಾನಿಯಲ್ಲಿ ಅಜ್ಜಿಯ ಹಸಿರು ಸೀರೆ ನೆನೆಯುತ್ತಿತ್ತು. ಪಕ್ಕದಲ್ಲಿ ಅಜ್ಜಿ, ಕೈ ಒದ್ದೆ, ನೀರನ್ನೇ ನೋಡುತ್ತ ನಿಂತಿದ್ದಳು.

“ಇವತ್ತು ನೊರಿ ಯಾಕ ಇಲ್ಲ ಅಂತ ನೋಡಾಕತ್ತಿದ್ದೆ” ಎಂದಳು ತಿರುಗದೆ.

“ಅಜ್ಜಿ, ಪೈಪು ಮೊಳಿ ಮ್ಯಾಲಿಂದ ಯಾವಾಗ ತೆಗದಿ?”

“ತಿಂಗಳಾತು. ಅಷ್ಟು ನೀರು ಬಚ್ಚಲ್ಕ ಸುರುದು ಹೋಗೋದು ನೋಡ್ಲಾರದಾತು. ಚೆಲ್ಲೋ ನೀರಲ್ಲೇನ್ಲೇ ಅದು? ಸೀರಿ ಒಕ್ಕಂಡೆ, ಅಂಗಳ ತೊಳಕಂಡೆ, ನುಗ್ಗಿಗೆ ಹಾಕಿದೆ. ಏನು ತಪ್ಪಾತು?”

ಯಂತ್ರಕ್ಕೆ ಸೀರೆ ಕೊಡುವುದಿಲ್ಲ ಎಂದವಳು ಒಂದು ತಿಂಗಳಿಂದ ಅದರ ಸೋಪಿನ ನೀರಿನಲ್ಲೇ ಸೀರೆ ಒಗೆಯುತ್ತಿದ್ದಳು. ನಗಬಾರದೆಂದು ತುಟಿ ಕಚ್ಚಿಕೊಂಡೆ.

“ತಪ್ಪಿಲ್ಲ. ಆದ್ರ ಅದು ಒಗದು ಮುಗದ ನೀರಲ್ಲ. ಒಗೆಯಾಕ ಅಂತ ಹಾಕಿದ್ದು. ಮ್ಯಾಲೆ ಹಾಕಿದಂಗ ಇಲ್ಲಿ ಇಳದು ಬರ್ತೈತಿ. ಅದಕ್ಕ ಮಷಿನ್ ಇನ್ನೂ ಬೇಕು ಅಂತೈತಿ.”

ಅಜ್ಜಿ ಬಾನಿಯ ಅಂಚಿಗೆ ಗೆಣ್ಣಿನಿಂದ ಒಮ್ಮೆ ಬಡಿದಳು. ಬಾನಿ ಕಲ್ಲಿನದು, ಅದೇನೂ ಹೇಳಲಿಲ್ಲ.

“ಹಂಗಾದ್ರ ನಿಮ್ಮವ್ವ ಆ ಮುರುದ ಕೈಲೆ ಎತ್ತಿ ಹಾಕಿದ್ದು...” ಎಂದು ನಿಲ್ಲಿಸಿದಳು. ಸೆರಗಿನಿಂದ ಕೈ ಒರೆಸಿಕೊಂಡಳು. ಒರೆಸಿದ್ದೇ ಒರೆಸಿದ್ದು. “ಆಕಿಗೆ ಹೇಳ್ಬ್ಯಾಡ.”

“ಇಲ್ಲ.”

“ನಿಮ್ಮ ಚಿಗಪ್ಪಗೂ.”

“ಯಾರಿಗೂ ಹೇಳಂಗಿಲ್ಲ.”

ಹೇಳಲಿಲ್ಲ. ಬರೆಯಬೇಡ ಎಂದು ಮಾತ್ರ ಅವಳು ಅಂದಿರಲಿಲ್ಲ.

ಅರಿವೆ ಬಿಚ್ಚಿ, ಪೈಪನ್ನು ಒಳಗೆಳೆದು, ಮೊಳೆಗೆ ತೂಗುಹಾಕಿದೆ. ಅಜ್ಜಿ ನೋಡುತ್ತ ನಿಂತಿದ್ದಳು. “ಹಂಗಾದ್ರ ಕೊಳಿನೀರು ಬಚ್ಚಲ್ಕ ಹೋಗೋದೇನು?” ಎಂದಳು, ಮಗುವನ್ನು ಬೇರೆ ಊರಿಗೆ ಕಳಿಸುವವರ ದನಿಯಲ್ಲಿ. ಒಂದು ಸಣ್ಣ ಡ್ರಮ್ಮು ತಂದು ಯಂತ್ರದ ಪಕ್ಕದಲ್ಲಿಟ್ಟೆವು. ಪೈಪಿನ ಬಾಯಿ ಅದರೊಳಕ್ಕೆ ಬಗ್ಗಿತು. ಅಲ್ಲಿಂದ ಬಾನಿಗೆ ಹೊರುವುದು ಅಜ್ಜಿಯ ಜವಾಬ್ದಾರಿ. ಒಪ್ಪಂದಕ್ಕೆ ಸಾಕ್ಷಿ ಆ ಹಲ್ಲಿ.

ಐತವಾರ ಅಪ್ಪ ಸಂತೆಗೆ ಹೋಗಿದ್ದಾಗ ಚಿಕ್ಕಪ್ಪ ಗಾಡಿ ತಂದರು. ಯಂತ್ರ ಬಿಗಿಯಲು ಹೆಗಲ ಮೇಲೆ ದಪ್ಪ ಹಗ್ಗದ ಸುತ್ತು. ಅವರು ಬರುವ ಹೊತ್ತಿಗೆ ಯಂತ್ರ ಐದೇ ಕೊಡದಲ್ಲಿ ಅಪ್ಪನ ಹಡಗಲಿಯ ಗಂಟನ್ನೆಲ್ಲ ತಿರುವುತ್ತಿತ್ತು. ಅವ್ವ ಕುರ್ಚಿಯಲ್ಲಿ ಕೂತು ಕಾಪಿ ತಿದ್ದುತ್ತಿದ್ದಳು. ಅಜ್ಜಿ ಡ್ರಮ್ಮಿನ ಪಕ್ಕ ಮಣೆ ಹಾಕಿಕೊಂಡು, ಹೆರಿಗೆ ಮಾಡಿಸುವವಳಂತೆ ಪೈಪಿನ ಬಾಯನ್ನೇ ನೋಡುತ್ತ ಕೂತಿದ್ದಳು.

“ಏನಬೇ, ಕೆಟ್ಟೈತಿ ಅಂದಿ? ರಾಗಿ ಕಲ್ಲಿನಂಗ ತಿರುಗಾಕತ್ತೈತಿ!” ಎಂದರು ಚಿಕ್ಕಪ್ಪ.

“ನನ್ ಮಗಳು ಊದಿ ರಿಪೇರಿ ಮಾಡ್ಯಾಳ” ಎಂದಳು ಅವ್ವ, ಕಾಪಿಯಿಂದ ತಲೆ ಎತ್ತದೆ. ಆದರೆ ಪೆನ್ನು ಒಂದೇ ಕಡೆ ನಿಂತಿತ್ತು. ಯಂತ್ರ ಉಳಿಯುತ್ತದೋ ಹೋಗುತ್ತದೋ ಅವಳಿಗಿನ್ನೂ ಗೊತ್ತಿರಲಿಲ್ಲ.

“ಊದಿ? ಏನು, ಮಂತ್ರ ಹಾಕಿದ್ಯೇನವ್ವ?” ಚಿಕ್ಕಪ್ಪ ನನ್ನ ಕಡೆ ತಿರುಗಿದರು. “ಹಂಗಾರ ನನ್ ಗಾಡಿಗೂ ಒಂದೀಟು ಊದು, ಏರಿಗೆ ದಮ್ಮು ಕಟ್ತೈತಿ.” ಆಮೇಲೆ ಅಜ್ಜಿಗೆ, “ಈಗೇನು ಮಾಡ್ಲಿ? ಪೆಟ್ರೋಲ್ ಸುಟ್ಕಂಡು ಬಂದೀನಿ. ಒಯ್ಯಂಗೋ ಬಿಡಂಗೋ?”

ಅಜ್ಜಿ ನನ್ನನ್ನು ನೋಡಲಿಲ್ಲ. ಅವ್ವನ ಬಲಗೈ ನೋಡಿದಳು.

“ಏನು ಒಯ್ತೀಯೋ, ಹುಚ್ಚಾ? ಹಗ್ಗ ತಂದೀಯಲ್ಲ, ಹಿತ್ತಲ್ದಾಗ ನುಗ್ಗಿ ಗಿಡದಿಂದ ಗ್ವಾಡಿಗೆ ಕಟ್ಟು. ಬಟ್ಟಿ ಒಣ ಹಾಕಾಕ ಹಗ್ಗ ಸಾಲವಲ್ದು.”

ಅವ್ವನ ಪೆನ್ನು ಮತ್ತೆ ಓಡಿತು. ಅಷ್ಟರಲ್ಲಿ ಯಂತ್ರ ಗುರ್ ಎಂದು ಪಂಪು ಶುರು ಮಾಡಿತು. ಅಜ್ಜಿ, “ಬಂತು ಬಂತು!” ಎಂದು ಪೈಪಿನ ಬಾಯಿ ಹಿಡಿದುಕೊಂಡಳು.

ಹೀಗೆ ನಾನು ಮಾಡದ ರಿಪೇರಿಯ ಕೀರ್ತಿ ನನಗೆ ಬಂತು. ಊದಿ ಸರಿಮಾಡುವವಳೆಂದು ಹೆಸರಾಯಿತು. ಹರಪನಹಳ್ಳಿಗೆ ಹೊರಡುವ ಮುನ್ನ ಎರಡು ಸ್ಟೋವು, ಒಂದು ಟೇಬಲ್ ಫ್ಯಾನು, ಒಂದು ಹಾರ್ಮೋನಿಯಂ ನನ್ನ ಮುಂದೆ ಬಂದವು. ಎಲ್ಲಕ್ಕೂ ಊದಿದೆ. ಫ್ಯಾನಿನಿಂದ ಧೂಳು ಹಾರಿತು. ಬೇರೇನೂ ಆಗಲಿಲ್ಲ. ನಿಜ ಹೇಳಿ ಪಾರಾಗಲು ದಾರಿಯಿರಲಿಲ್ಲ.

ಆಯುಧಪೂಜೆಗೆ ಮನೆಗೆ ಬಂದೆ. ಅವ್ವ ಯಂತ್ರವನ್ನು ಒರೆಸಿ, ಮುಚ್ಚಳದ ಮೇಲೆ ವಿಭೂತಿ ಎಳೆದು, ಕುಂಕುಮವಿಟ್ಟು, ಚೆಂಡುಹೂವಿನ ಸರ ಹಾಕಿದ್ದಳು. ಕುಡುಗೋಲು, ಹೊಲಿಗೆ ಯಂತ್ರ, ಅಪ್ಪನ ಸೈಕಲ್ಲು, ಎಲ್ಲಕ್ಕೂ ಆಯಿತು. ಕೊನೆಗೆ ಅಜ್ಜಿ ಕುಂಕುಮದ ಬಟ್ಟಲು ಹಿಡಿದು ಬಚ್ಚಲಿಗೆ ಹೋದಳು. ಗೋಡೆಗೂ ಯಂತ್ರಕ್ಕೂ ನಡುವಿನ ಸಂದಿನಲ್ಲಿ ಕೈ ತೂರಿಸಿ, ತಡಕಾಡಿ, ಪೈಪು ತೂಗುತ್ತಿದ್ದ ಆ ಮೊಳೆಯ ತಲೆಗೆ ಒಂದು ಬೊಟ್ಟು ಇಟ್ಟಳು.

“ಅತ್ತಿ, ಮೊಳಿಗ್ಯಾಕ್ರಿ ಕುಂಕುಮ?” ಎಂದಳು ಅವ್ವ.

“ಇರ್ಲಿ ಬಿಡವ್ವ. ಅದೂ ದುಡೀತೈತಿ.”

ಅವ್ವ ನನ್ನ ಮುಖ ನೋಡಿದಳು. ನನ್ನ ಕೈ ಸೆರಗಿನಿಂದ ಹೊರಗೆ ಬಂದು, ಯಂತ್ರದ ಪಕ್ಕದಲ್ಲಿದ್ದ ಡ್ರಮ್ಮಿನ ಅಂಚಿಗೇ ಬಡಿಯಿತು.

ದಪ್ ಅಂದಿತು. ತುಂಬಿತ್ತು.